ವೈಶಾಲಿಯ ಮೇಲೊಂದು ಕಣ್ಣು

೨೦೧೩ ಜನವರಿ ೯, ಬುಧವಾರ. ಜಮಖಂಡಿ

ವೈಶಾಲಿ ನನ್ನನ್ನು ಅಂಡಮಾನಿಗೆ ಕರೆದಿದ್ದಾಳೆ. ಯಾಕೆಂದು ತಿಳಿಯುತ್ತಿಲ್ಲ.

ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು, ನಿಜ. ಆದರೆ ಅವಳು ಬನಹಟ್ಟಿಯ ನೂಲಿನ ವ್ಯಾಪಾರದವರ ಮನೆಗೆ ಸೊಸೆಯಾಗಿ ಹೋದಳು, ನಾನು ಸರಕಾರಿ ಕಚೇರಿ ಸೇರಿದೆ. ಆಮೇಲೆ ವರ್ಷಕ್ಕೆ ಎರಡು ಸಲ ಭೇಟಿಯಾದರೆ ಹೆಚ್ಚು. ಮೂರು ವರ್ಷದ ಹಿಂದೆ ಅವಳ ಗಂಡ ಯಲ್ಲಾಲಿಂಗ ಎದೆನೋವು ಬಂದು ತೀರಿಕೊಂಡ. ಮಕ್ಕಳಿಲ್ಲ. ಅಂದಿನಿಂದ ಅವಳು ಮನೆ ಬಿಟ್ಟು ಹೊರಗೆ ಬಂದದ್ದೇ ಕಡಿಮೆ. ಅಂಥವಳು ನಿನ್ನೆ ಒಬ್ಬಳೇ ನಮ್ಮ ಮನೆಗೆ ಬಂದು, ಚಹಾ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, "ಸಂಧ್ಯಾ, ಅಂಡಮಾನಕ್ಕ ಹೋಗಿ ಬರೂಣು. ನೀ ಜೋಡಿ ಇದ್ರ ಮನ್ಯಾಗ ಬಿಡ್ತಾರ" ಅಂದಳು.

ಗೋಕರ್ಣ ಅಲ್ಲ, ಗೋವಾ ಅಲ್ಲ. ಅಂಡಮಾನ್. ಟಿಕೀಟು, ಲಾಡ್ಜು ಎಲ್ಲ ಮೊದಲೇ ವಿಚಾರಿಸಿ ಇಟ್ಟುಕೊಂಡಿದ್ದಳು. ನಮ್ಮ ಮನೆಯವರು ದಶರಥ, ಯಾವುದಕ್ಕೂ ಎರಡನೇ ಸಲ ಯೋಚಿಸುವವರಲ್ಲ. ರಜೆ ಬೇಕಾದಷ್ಟಿದೆ, ಹೋಗಿ ಬಾ ಎಂದುಬಿಟ್ಟರು.

ಇವತ್ತು ಮಧ್ಯಾಹ್ನ ಯಲ್ಲಾಲಿಂಗನ ಅಣ್ಣ ರಾಚಪ್ಪ ಕಚೇರಿಗೆ ಬಂದರು. ಒಳಗೆ ಬರಲಿಲ್ಲ. ಬೇವಿನ ಮರದ ಕೆಳಗೆ ನಿಂತು ಹೇಳಿ ಕಳಿಸಿದರು. ಬೀಳಗಿಯಿಂದ ನನ್ನನ್ನು ಜಮಖಂಡಿಗೆ ವರ್ಗ ಮಾಡಿಸಿಕೊಟ್ಟವರು ಅವರೇ. ಹಾಗಾಗಿ ಅವರು ಕರೆದರೆ ಹೋಗಬೇಕು.

"ತಂಗಿ, ಆಕಿ ಬಾಗಲಾ ಹಾಕ್ಕೊಂಡು ಯಾರಿಗೋ ಫೋನ್ ಮಾಡ್ತಾಳ. ಎರಡ ತಿಂಗಳ ಆತು," ಅಂದರು. "ನೀ ಅವಶ್ಯ ಹೋಗು. ಒಂದು ಕಣ್ಣ ಇಟ್ಟಿರು. ದಿನಾ ಸಂಜಿಗೆ ನನಗ ತಿಳಸು. ಮನಿತನದ ಮರ್ಯಾದಿ ಪ್ರಶ್ನಿ."

ಒಪ್ಪಿಕೊಂಡೆ. ವೈಶಾಲಿಯ ಒಳ್ಳೆಯದಕ್ಕೇ ಒಪ್ಪಿದ್ದು. ಫೋನಿನಲ್ಲಿ ಹೇಳುವಾಗ ಏನೂ ಬಿಟ್ಟುಹೋಗಬಾರದೆಂದು ಈ ನೋಟ್‌ಬುಕ್ಕು. ಬೇರೆ ಯಾರಿಗೂ ತೋರಿಸುವುದಲ್ಲ.

ಜನವರಿ ೧೮, ಶುಕ್ರವಾರ. ಚೆನ್ನೈ

ಬಸ್ಸು, ರೈಲು ಎಲ್ಲ ಮುಗಿಯಿತು. ನಾಳೆ ಬೆಳಿಗ್ಗೆ ವಿಮಾನ.

ಗಮನಿಸಿದ್ದು: ಅವಳ ಹತ್ತಿರ ಎರಡು ಚೀಲ. ದೊಡ್ಡದನ್ನು ಬಸ್ಸಿನ ಡಿಕ್ಕಿಗೆ ಹಾಕಿಸಿದಳು. ಸಣ್ಣದನ್ನು ಕೈಬಿಡುವುದಿಲ್ಲ. ನಿದ್ದೆಯಲ್ಲೂ ಅದರ ಪಟ್ಟಿ ಮುಂಗೈಗೆ ಸುತ್ತಿಕೊಂಡಿರುತ್ತಾಳೆ. ಬಂಗಾರವಿದೆಯೇನು ಎಂದು ನಗುತ್ತ ಕೇಳಿದೆ. ಅವಳೂ ನಕ್ಕಳು. ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿದುಕೊಂಡಳು.

ನನಗಾಗಿ ಶೇಂಗಾ ಹೋಳಿಗೆ ಮಾಡಿಕೊಂಡು ಬಂದಿದ್ದಾಳೆ. ನನಗೆ ಅದು ಸೇರುತ್ತದೆಂದು ಇಪ್ಪತ್ತು ವರ್ಷದ ಮೇಲೂ ನೆನಪಿಟ್ಟಿದ್ದಾಳೆ. ಕೆಲಸ ಆಗಬೇಕಾದವರು ಹೀಗೇ ಏನಾದರೂ ತರುತ್ತಾರೆ. ಕಚೇರಿಯಲ್ಲಿ ದಿನವೂ ನೋಡುತ್ತೇನೆ.

ಜನವರಿ ೧೯, ಶನಿವಾರ. ಪೋರ್ಟ್ ಬ್ಲೇರ್

ಕಿಟಕಿಯ ಸೀಟು ನನಗೇ ಕೊಟ್ಟಳು. ಕೆಳಗೆ ಎರಡು ತಾಸು ಬರೀ ನೀರು. ಆಲಮಟ್ಟಿ ಹಿನ್ನೀರು ತುಂಬಿದಾಗ ಬೀಳಗಿ ಕಡೆಯ ಗುಡ್ಡದ ಮೇಲೆ ನಿಂತು ನೋಡಿ, ಇದಕ್ಕೆ ದಂಡೆಯೇ ಇಲ್ಲವೆಂದುಕೊಂಡಿದ್ದೆ. ಅದು ಬೊಗಸೆ ನೀರು.

ಊರು ಏರು ಇಳಿಜಾರು. ಬಜಾರಿನ ನಡುವೆ ಗಡಿಯಾರದ ಕಂಬ, ಅದರ ಹತ್ತಿರವೇ ನಮ್ಮ ಲಾಡ್ಜು. ನಾಲ್ಕು ಗಂಟೆಗೆ ವೈಶಾಲಿ, ನೀನು ಮಲಗಿರು, ಬಾಳೆಹಣ್ಣು ತರುತ್ತೇನೆ ಎಂದು ಹೊರಟಳು. ಸಣ್ಣ ಚೀಲ ಹೆಗಲಿಗಿತ್ತು. ಬಾಳೆಹಣ್ಣಿಗೆ ಆ ಚೀಲವೇಕೆ? ಎದ್ದು ಬಾಲ್ಕನಿಗೆ ಹೋದೆ.

ಎದುರಿನ ಚಹಾದಂಗಡಿಯ ಮುಂದೆ ಒಬ್ಬ ಗಂಡಸು ಕಾಯುತ್ತಿದ್ದ. ಬಿಳಿ ಅರ್ಧ ತೋಳಿನ ಅಂಗಿ, ಕಂಕುಳಲ್ಲಿ ಛತ್ರಿ, ಐವತ್ತರ ಮೇಲಿನ ವಯಸ್ಸು. ಇವಳು ಕೈಮುಗಿದಳು. ಅರ್ಧ ತಾಸು ಬೆಂಚಿನ ಮೇಲೆ ಕೂತು ಮಾತಾಡಿದರು. ನಡುವೆ ಒಂದೆರಡು ಸಲ ಇವಳು ನಕ್ಕಳು. ಅವನು ಒಂದು ಖಾಕಿ ಬಣ್ಣದ ಪಾಕೀಟು ಕೊಟ್ಟ. ಇವಳು ಚೀಲದಲ್ಲಿಟ್ಟುಕೊಂಡಳು.

ಮೇಲೆ ಬಂದಾಗ ತಡವಾಯಿತಲ್ಲ ಎಂದೆ. ಹಣ್ಣು ಚೆನ್ನಾಗಿರಲಿಲ್ಲ, ಎರಡು ಅಂಗಡಿ ತಿರುಗಿದೆ ಎಂದಳು. ಅಷ್ಟು ಸಲೀಸಾಗಿ ಸುಳ್ಳು ಹೇಳುತ್ತಾಳೆಂದು ನನಗೆ ಗೊತ್ತಿರಲಿಲ್ಲ.

ಇಲ್ಲಿ ಐದೂವರೆಗೇ ಕತ್ತಲಾಗುತ್ತದೆ. ಅವಳು ಸ್ನಾನಕ್ಕೆ ಹೋದಾಗ ರಾಚಪ್ಪಣ್ಣನಿಗೆ ಫೋನ್ ಮಾಡಿ ಕಂಡದ್ದನ್ನು ಕಂಡಂತೆ ಹೇಳಿದೆ. ಅವರು ಎಲ್ಲ ಕೇಳಿ, "ಆಕಿ ನಕ್ಕಳೇನು?" ಎಂದರು.

ನಕ್ಕದ್ದು ನಿಜ. "ನಕ್ಕಳ್ರಿ" ಅಂದೆ.

ಜನವರಿ ೨೦, ಭಾನುವಾರ. ಹ್ಯಾವ್‌ಲಾಕ್

ಸರಕಾರಿ ಹಡಗಿನಲ್ಲಿ ಎರಡೂವರೆ ತಾಸು. ನನಗೆ ಹೊಟ್ಟೆ ತೊಳಸಿ ಕಣ್ಣಿಗೆ ಕತ್ತಲೆ ಬಂತು. ವೈಶಾಲಿ ಪೂರ್ತಿ ದಾರಿ ನನ್ನ ಹಣೆ ಹಿಡಿದುಕೊಂಡು ನಿಂತಿದ್ದಳು. ನಿಂಬೆಹಣ್ಣು ಮೂಸಿಸಿದಳು. ನಾನು ಕಣ್ಣು ಮುಚ್ಚಿಕೊಂಡು, ಇವಳಿಗೆ ನಿನ್ನೆಯ ಸುಳ್ಳು ಚುಚ್ಚುತ್ತಿರಬೇಕು ಎಂದುಕೊಂಡೆ.

ಮೂರು ಗಂಟೆಗೆ ದೊಡ್ಡ ಬೀಚಿಗೆ ಹೋದೆವು. ಮರಳು ಜೋಳದ ಹಿಟ್ಟಿನಷ್ಟು ನುಣುಪು. ಅವಳು ಚಪ್ಪಲಿ ಬಿಟ್ಟು ಸೀರೆ ಎತ್ತಿ ಸಿಕ್ಕಿಸಿಕೊಂಡು ನೀರಿಗಿಳಿದಳು. ಮೊಣಕಾಲಿನವರೆಗೆ, ಆಮೇಲೆ ಸೊಂಟದವರೆಗೆ. ಬಾ ಎಂದು ಕೈ ಮಾಡಿದಳು. ಚೀಲಗಳನ್ನು ಯಾರು ಕಾಯಬೇಕು ಎಂದು ನಾನು ದಂಡೆಯಲ್ಲೇ ಕೂತೆ.

ಕಾಯುವುದಕ್ಕೆ ಕೂತವಳು ಬಿಚ್ಚಿದೆ. ಸಣ್ಣ ಚೀಲದಲ್ಲಿ ಒಂದು ನೀಲಿ ಫೈಲು. ಒಳಗೆ ಅವಳ ಮಾರ್ಕ್ಸ್ ಕಾರ್ಡುಗಳು, ಹುಟ್ಟಿದ ದಾಖಲೆ, ಪಾಸ್‌ಪೋರ್ಟ್ ಅಳತೆಯ ನಾಲ್ಕು ಫೋಟೋ, ಯಲ್ಲಾಲಿಂಗನ ಮರಣ ಪ್ರಮಾಣಪತ್ರ. ಖಾಕಿ ಪಾಕೀಟು ಅಂಟಿಸಿತ್ತು. ಅದರ ಮೇಲೆ ಕನ್ನಡದಲ್ಲಿ "ನೀಲಕಂಠ" ಎಂದಿತ್ತು, ಕೆಳಗೆ ಫೋನ್ ನಂಬರು.

ಇಪ್ಪತ್ತು ವರ್ಷದಿಂದ ಜನರ ಕಾಗದ ನೋಡುತ್ತಿದ್ದೇನೆ. ಹುಟ್ಟಿದ ದಾಖಲೆ, ಫೋಟೋ, ಮೊದಲ ಗಂಡನ ಮರಣ ಪತ್ರ, ಇವು ಮೂರೂ ಒಟ್ಟಿಗೆ ಎಲ್ಲಿ ಬೇಕಾಗುತ್ತವೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ರಿಜಿಸ್ಟರ್ ಮದುವೆಗೆ.

ಸಂಜೆ ತೆಂಗಿನ ತೋಟದ ಹಿಂದೆ ಹೋಗಿ ರಾಚಪ್ಪಣ್ಣನಿಗೆ ಹೇಳಿದೆ. ಈ ಸಲ ಅವರು ಏನನ್ನೂ ಕೇಳಲಿಲ್ಲ. ಇಷ್ಟು ಸಾಕು ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಮಾಧಾನವಿತ್ತು. ಅದು ಯಾಕೆಂದು ಯೋಚಿಸುತ್ತಿದ್ದೇನೆ.

ಜನವರಿ ೨೧, ಸೋಮವಾರ

ಅಕಾಲದ ಮಳೆ. ಇಡೀ ದಿನ ಗುಡಿಸಲಿನಂಥ ಕೋಣೆಯಲ್ಲೇ. ಪಪ್ಪಾಯಿ ತಿಂದೆವು. ಫೋನಿನಲ್ಲಿ, ಹೇಳುವಂಥದ್ದೇನೂ ಇಲ್ಲ ಎಂದೆ. ರಾಚಪ್ಪ ನಂಬಲಿಲ್ಲ.

ಜನವರಿ ೨೨, ಮಂಗಳವಾರ

ಇವತ್ತು ನೀರಿಗೆ ಇಳಿದೆ.

ಇಳಿಯಬೇಕೆಂದಿರಲಿಲ್ಲ. ಬೆಳಿಗ್ಗೆ ಸಮುದ್ರ ಹಿಂದಕ್ಕೆ ಸರಿದು, ಮಂಡಿ ಮುಳುಗದಷ್ಟು ನೀರಿನಲ್ಲಿ ಫರ್ಲಾಂಗುಗಟ್ಟಲೆ ನಡೆಯಬಹುದಾಗಿತ್ತು. ತಳದ ಮರಳು, ಮೀನು, ಕಲ್ಲು ಎಲ್ಲ ಗಾಜಿನ ಕೆಳಗೆ ಇಟ್ಟಂತೆ ಕಾಣುತ್ತಿತ್ತು. ಶಂಖ ಹೊತ್ತ ಸಣ್ಣ ಏಡಿಗಳು ಕಾಲಿನ ಪಕ್ಕದಲ್ಲೇ ಓಡಾಡುತ್ತವೆ. ವೈಶಾಲಿ ಮುಂದೆ, ನಾನು ಹಿಂದೆ. ಒಂದು ಕಡೆ ತಳ ತಟ್ಟನೆ ಇಳಿದು ಕುತ್ತಿಗೆಯವರೆಗೆ ನೀರು ಬಂತು. ನಾನು ಕೂಗಿಕೊಂಡೆ. ಅವಳು ಎರಡೂ ಕೈ ಹಿಡಿದು, "ಕಾಲ ಬಿಡು. ನಾ ಹಿಡದೀನಿ, ಮ್ಯಾಲ ಬರ್ತಿ" ಅಂದಳು.

ಬಿಟ್ಟೆ. ಮೇಲೆ ಬಂದೆ. ಕಿವಿಯಲ್ಲಿ ನೀರು, ಮುಖದ ಮೇಲೆ ಬಿಸಿಲು. ಮೈ ಹಗುರಾಯಿತು ಎಂದರೆ ಸಾಲದು. ಅತ್ತೆಯ ಔಷಧಿ, ಮನೆಯವರ ಡಬ್ಬಿ, ಎಂಟೂವರೆಯ ಬಸ್ಸು, ಸಾಹೇಬರ ಗಂಟೆ, ಯಾವುದೂ ಇರಲಿಲ್ಲ. ನಲವತ್ತೆರಡು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಹಿಡಿದು ತೇಲಿಸಿರಲಿಲ್ಲ.

ದಂಡೆಯಲ್ಲಿ ಎಳನೀರು ಕುಡಿಯುತ್ತ ಅವಳು ತನ್ನ ಮನೆಯ ಮಾತು ತೆಗೆದಳು. ರಬಕವಿಯಲ್ಲಿ ಅಪ್ಪನ ಕೈಮಗ್ಗದಲ್ಲಿ ಹತ್ತನೇ ವಯಸ್ಸಿಗೇ ಸೀರೆಯ ಅಂಚು ಹಾಕುತ್ತಿದ್ದಳಂತೆ. ಮದುವೆಯಾದ ಮೇಲೆ ಯಲ್ಲಾಲಿಂಗ ಅವಳ ಹೆಸರಿನಲ್ಲಿ ಹನ್ನೆರಡು ಪಾವರ್‌ಲೂಮಿನ ಶೆಡ್ ಹಾಕಿದ. ಲೆಕ್ಕ ಅವನದು, ನೇಯ್ಗೆ ಇವಳದು. ಅವನು ಹೋದ ಮರುವಾರವೇ ರಾಚಪ್ಪ ಶೆಡ್ಡಿನ ಕೀಲಿ ಇಸಿದುಕೊಂಡ. ಮೂರು ವರ್ಷದಿಂದ ಅವಳು ಆ ಶೆಡ್ಡಿನ ಹೊಸ್ತಿಲು ದಾಟಿಲ್ಲ. ಗೋಡೆಯಾಚೆ ಮಗ್ಗ ಸದ್ದು ಮಾಡುತ್ತದೆ, ಯಾವ ಮಗ್ಗದಲ್ಲಿ ಎಳೆ ಹರಿದಿದೆಯೆಂದು ಮನೆಯಲ್ಲಿ ಕೂತೇ ಗೊತ್ತಾಗುತ್ತದೆ, ಎದ್ದು ಹೋಗುವಂತಿಲ್ಲ ಎಂದಳು.

ಮಲಗುವ ಹೊತ್ತಿಗೆ ನೆನಪಾಯಿತು, ಇವತ್ತು ಫೋನ್ ಮಾಡಲಿಲ್ಲ.

ಜನವರಿ ೨೩, ಬುಧವಾರ. ಪೋರ್ಟ್ ಬ್ಲೇರ್

ಹಡಗಿನಿಂದ ಇಳಿದು ಫೋನ್ ನೋಡಿದರೆ ರಾಚಪ್ಪನ ಹನ್ನೊಂದು ಕರೆ. ಹಡಗುಕಟ್ಟೆಯ ಮೂಲೆಗೆ ಹೋಗಿ ಮಾತಾಡಿದೆ. ಫೆಬ್ರವರಿ ಮೂರಕ್ಕೆ ಹಿರಿಯರನ್ನು ಕೂಡಿಸುತ್ತಿದ್ದಾರಂತೆ. ಅವಳ ನಡತೆಯ ವಿಚಾರ. ನಾನೂ ಬಂದು ನಾಲ್ಕು ಜನರ ಮುಂದೆ ಹೇಳಬೇಕು. ಆಮೇಲೆ ಶೆಡ್ಡಿನ ಕಾಗದಕ್ಕೆ ಸಹಿ ಹಾಕಿಸಿ ತವರಿಗೆ ಕಳಿಸುವುದು. ಎಲ್ಲ ಗೊತ್ತು ಮಾಡಿಕೊಂಡಿದ್ದಾರೆ. ಸಮಾಧಾನ ಯಾಕಿತ್ತೆಂದು ಈಗ ತಿಳಿಯಿತು.

ಆದರೂ ನಾನು ಹೇಳಿದ್ದು ಸುಳ್ಳಲ್ಲ. ಗಂಡಸು ಬಂದಿದ್ದ. ಪಾಕೀಟು ಕೊಟ್ಟಿದ್ದ. ಅವಳೇ ಮುಚ್ಚಿಟ್ಟಳು.

ಮಧ್ಯಾಹ್ನವೆಲ್ಲ ಅನಸವ್ವ ಕಣ್ಣೆದುರು ಬಂದಳು. ಆಲಮಟ್ಟಿ ಅಣೆಕಟ್ಟಿನ ಮುಳುಗಡೆಯ ಕಾಲದಲ್ಲಿ ನಾನು ಮನೆಗಳ ಪಟ್ಟಿಯ ಕೆಲಸದಲ್ಲಿದ್ದೆ. ಯಾರು ಊರಲ್ಲಿ ಖಾಯಂ ಇದ್ದರು, ಯಾರು ಜಾಗದ ಆಸೆಗೆ ಬಂದು ಕೂತರು, ನೋಡಿ ಬರೆಯಬೇಕಿತ್ತು. ಅನಸವ್ವನ ನೆರೆಯವನು, ಈ ಮುದುಕಿ ಮಗಳ ಮನೆಯಲ್ಲಿರುತ್ತಾಳೆ, ಹಬ್ಬಕ್ಕಷ್ಟೇ ಬರುತ್ತಾಳೆ ಎಂದ. ನಾನು ಹೋದ ಎರಡೂ ದಿನ ಬಾಗಿಲಿಗೆ ಕೀಲಿಯಿತ್ತು. "ಖಾಯಂ ವಾಸವಿಲ್ಲ" ಎಂದು ಬರೆದೆ. ಅವಳು ಆ ಎರಡು ದಿನ ಕಳೆ ತೆಗೆಯಲು ಹೋಗಿದ್ದಳು. ಹೊಸ ಊರಿನಲ್ಲಿ ಅವಳಿಗೆ ಜಾಗ ಸಿಗಲಿಲ್ಲ. ನೀರು ಬರುವ ಮುಂಚೆ ಮನೆಯ ಬಾಗಿಲನ್ನು ಚೌಕಟ್ಟು ಸಮೇತ ಕಿತ್ತು, ಚಕ್ಕಡಿಯಲ್ಲಿ ಹೇರಿಕೊಂಡು ಬಂದು ನಮ್ಮ ಅಂಗಳದಲ್ಲಿ ನಿಲ್ಲಿಸಿ, "ಇದು ನನ್ನ ಮನಿ ಬಾಗಲಾ. ಈಗರೆ ನೋಡವಾ" ಅಂದಳು.

ನಾನು ಆಗಲೂ ಸುಳ್ಳು ಬರೆದಿರಲಿಲ್ಲ. ಕಂಡದ್ದನ್ನೇ ಬರೆದಿದ್ದೆ.

ಜನವರಿ ೨೪, ಗುರುವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಬೆಳಿಗ್ಗೆ ಒಂಬತ್ತಕ್ಕೆ ವೈಶಾಲಿ ಹೊಸ ಸೀರೆ ಉಟ್ಟಳು, ಬಜಾರಿಗೆ ಹೋಗಿ ಬರುತ್ತೇನೆ ಎಂದಳು. ನಾನು ತಲೆನೋವೆಂದೆ. ಅವಳ ಆಟೋ ತಿರುಗುತ್ತಲೇ ಇನ್ನೊಂದು ಆಟೋ ಹತ್ತಿ ಹಿಂದೆ ಹೋದೆ. ರಿಜಿಸ್ಟ್ರಾರ್ ಕಚೇರಿಯ ಮುಂದೆ ನಿಲ್ಲುತ್ತದೆ ಎಂದುಕೊಂಡಿದ್ದೆ. ಆಟೋ ಊರ ಹೊರಗೆ ಏರಿ, ತಗಡಿನ ಮಾಡಿನ ಉದ್ದನೆಯ ಕಟ್ಟಡದ ಮುಂದೆ ನಿಂತಿತು. ಛತ್ರಿಯ ಗಂಡಸು ಬಾಗಿಲಲ್ಲೇ ಇದ್ದ. ಇಬ್ಬರೂ ಒಳಗೆ ಹೋದರು.

ನಾನು ರಸ್ತೆಯ ಈಚೆ ಹುಣಸೆ ಮರದ ಹಿಂದೆ ನಿಂತೆ. ಹತ್ತು ನಿಮಿಷ ಆಗಿರಬೇಕು. ಪಕ್ಕದ ಮನೆಯಿಂದ ಒಬ್ಬ ಹೆಂಗಸು ಕೈ ಒರೆಸಿಕೊಳ್ಳುತ್ತ ನೇರವಾಗಿ ನನ್ನ ಕಡೆಗೇ ಬಂದಳು.

"ನೀವು ವೈಶಾಲಿ ಗೆಳತ್ಯಾರಲ್ಲರಿ? ಬಿಸಲಾಗ ಯಾಕ ನಿಂತೀರಿ, ಒಳಗ ಬರ್ರಿ."

ಆ ದೂರದ ನಡುಗಡ್ಡೆಯಲ್ಲಿ ನಮ್ಮ ಮಾತು ಕೇಳಿ ಅವಳ ಹಿಂದೆಯೇ ಒಳಗೆ ಹೋದೆ. ಹೆಸರು ಸುಂದರವ್ವ. ಛತ್ರಿಯ ಆ ಗಂಡಸು ನೀಲಕಂಠ, ಇವಳು ಅವನ ಹೆಂಡತಿ. ಇಬ್ಬರೂ ರಬಕವಿಯವರು. ಅವನು ವೈಶಾಲಿಯ ಅಪ್ಪನ ಹತ್ತಿರ ಮಗ್ಗ ಕಲಿತವನು. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಹೆಣ್ಣುಮಕ್ಕಳಿಗೆ ಕೈಮಗ್ಗ ಕಲಿಸುವ ಸಣ್ಣ ಕೇಂದ್ರದಲ್ಲಿ ಮಾಸ್ತರು. ಕಣ್ಣಿಗೆ ಪೊರೆ ಬಂದು ಈಗ ಬಿಡುತ್ತಿದ್ದಾನೆ. ಆ ಜಾಗಕ್ಕೆ ಇವತ್ತು ಸಂದರ್ಶನ. ವಿಧವೆಯರಿಗೆ ಮೊದಲ ಆದ್ಯತೆಯಂತೆ. ಅದಕ್ಕೇ ಆ ಮರಣ ಪತ್ರ. ಖಾಕಿ ಪಾಕೀಟಿನಲ್ಲಿದ್ದದ್ದು ಅರ್ಜಿಯ ಫಾರ್ಮು.

ಸುಂದರವ್ವ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದಳು. ಜೋಳದ ಹಿಟ್ಟು ಊರಿಂದ ತರಿಸುತ್ತಾಳಂತೆ.  ಕಿಟಕಿಯಲ್ಲಿ ಕೇಂದ್ರದ ಒಳಗು ಕಾಣುತ್ತಿತ್ತು. ಮೂವರು ಕುರ್ಚಿಯಲ್ಲಿ ಕೂತಿದ್ದರು. ವೈಶಾಲಿ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತು ನೇಯುತ್ತಿದ್ದಳು. ಲಾಳಿ ಆ ಕಡೆ ಈ ಕಡೆ ಓಡುತ್ತಿತ್ತು. ಅವಳು ಕೈಯನ್ನು ನೋಡುತ್ತಲೇ ಇರಲಿಲ್ಲ, ಕೂತವರ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದಳು.

ಕೆಲಸ ಸಿಕ್ಕಿತು. ಮಾರ್ಚ್ ಒಂದರಿಂದ.

ಹಿಂದಿರುಗುವಾಗ ಒಂದೇ ಆಟೋ. ಚೀಲ ಬಿಚ್ಚಿದ್ದು, ಬಾಲ್ಕನಿ, ಫೋನು, ಹಿರಿಯರ ಸಭೆ, ಎಲ್ಲ ಹೇಳಿಬಿಟ್ಟೆ. ಅವಳು ಬಯ್ಯಲಿಲ್ಲ. ಸಮುದ್ರದ ಕಡೆ ನೋಡುತ್ತಿದ್ದಳು.

"ನೀ ಫೋನ್ ಮಾಡ್ತೀ ಅನ್ನೂದು ಗೊತ್ತಿತ್ತು. ನಿನ್ನ ಬಿಟ್ಟು ಯಾರ ಜೋಡಿ ಅಂದ್ರೂ ಭಾವ ಬಿಡ್ತಿರಲಿಲ್ಲ. ಅದಕ್ಕ ನಿನ್ನ ಕರದೆ."

"ಗೊತ್ತಿದ್ದೂ ಹೋಳಿಗಿ ಮಾಡಕೊಂಡ ಬಂದಿ?"

"ಹೋಳಿಗಿ ಬ್ಯಾರೆ, ಅದು ಬ್ಯಾರೆ," ಅಂದಳು.

ಅವಳ ಕಣ್ಣಲ್ಲಿ ನೀರಿತ್ತು. ನಾನು ಕ್ಷಮೆ ಕೇಳಲಿಲ್ಲ. 

ಜನವರಿ ೨೫, ಶುಕ್ರವಾರ. ಚೆನ್ನೈ

ರಾಚಪ್ಪ ಫೋನ್ ಮಾಡಿದರು. ಇನ್ನೇನು ಕಂಡೆ ಎಂದು ಕೇಳಿದರು. ಎದುರಿಗೇ ಹೇಳುತ್ತೇನೆ ಎಂದೆ. ಅವರಿಗೆ ಖುಷಿಯಾಯಿತು.

ಫೆಬ್ರವರಿ ೩, ಭಾನುವಾರ. ಜಮಖಂಡಿ

ಬನಹಟ್ಟಿಯಿಂದ ಈಗ ಬಂದೆ. ಸೀರೆ ಬದಲಿಸದೆಯೇ ಬರೆಯಲು ಕೂತಿದ್ದೇನೆ.

ಪಡಸಾಲೆಯಲ್ಲಿ ಏಳು ಜನ ಹಿರಿಯರು ಜಮಖಾನೆಯ ಮೇಲೆ ಕೂತಿದ್ದರು. ವೈಶಾಲಿಯ ಅತ್ತೆ ರತ್ನಾಬಾಯಿ ಮೂಲೆಯ ಹೊರಸಿನ ಮೇಲೆ ಗೋಡೆಗೆ ಒರಗಿದ್ದಳು. ವೈಶಾಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಗೋಡೆಯಾಚೆ ಮಗ್ಗ ನಡೆಯುತ್ತಿತ್ತು. ರಾಚಪ್ಪ ನಿಧಾನವಾಗಿ, ದುಃಖಪಟ್ಟವರಂತೆ, ಮನೆತನ, ತಮ್ಮನ ಆತ್ಮ ಎಂದೆಲ್ಲ ಹೇಳಿ ನನ್ನ ಕಡೆ ತಿರುಗಿದರು. ಕಣ್ಣಾರೆ ಕಂಡದ್ದನ್ನು ಹೇಳು ತಂಗಿ ಎಂದರು.

ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡು ಹೋಗಿದ್ದೆ. ಒಂದೂ ಉಳಿಯಲಿಲ್ಲ.

"ಹೇಳ್ತೀನ್ರಿ. ಆಕಿ ನನ್ನ ಗೆಳತಿ ಅಂತ ಕರಕೊಂಡು ಹೋದ್ಲು. ನಾ ಕಾವಲಿಗೆ ಹೋಗಿದ್ದೆ. ಕಳಿಸಿದವರು ಇವರು. ಆಕಿ ಚೀಲಾ ಬಿಚ್ಚಿ ನೋಡೀನಿ, ಕಳ್ಳರಂಗ ಬೆನ್ನ ಹತ್ತೀನಿ, ಇವರಿಗೆ ಫೋನ್ ಮಾಡೀನಿ. ನಾ ಕಂಡದ್ದು ಖರೆ. ಅದಕ್ಕ ಹಚ್ಚಿದ ಅರ್ಥ ಸುಳ್ಳ. ಆ ಮನಶ್ಯಾ ಆಕಿ ಅಪ್ಪನ ಶಿಷ್ಯಾ. ಅವರ ಹೆಂಡತಿ ಕೈಲೆ ನಾ ರೊಟ್ಟಿ ಉಂಡೀನಿ. ಆಕಿ ಹೋಗಿದ್ದು ನೌಕರಿ ಕೇಳಾಕ. ಸಿಕ್ಕೈತಿ."

 ರಾಚಪ್ಪನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಏಪ್ರಿಲ್ ವರ್ಗದ ಪಟ್ಟಿಯಲ್ಲಿ ನನ್ನ ಹೆಸರು ಇರುತ್ತದೆ. ಇರಲಿ, ಬೀಳಗಿಗೆ ಬಸ್ಸಿದೆ.

ಹಿರಿಯರಲ್ಲಿ ಒಬ್ಬರು, ನೌಕರಿ ಬೇಕಿದ್ದರೆ ಇಲ್ಲೇ ಕೇಳಬಹುದಿತ್ತು, ಅಷ್ಟು ದೂರವೇಕೆ ಎಂದರು. ವೈಶಾಲಿ ಮುಂದೆ ಬಂದಳು.

"ಇಲ್ಲಿ ಯಾರನ್ನ ಕೇಳಬೇಕ್ರಿ? ಯಾರನ್ನ ಕೇಳಿದ್ರೂ ಅವರು ಮೊದಲ ಭಾವಗ ಕೇಳ್ತಾರ."

ಶೆಡ್ ತನ್ನ ಹೆಸರಿನಲ್ಲೇ ಇರುತ್ತದೆ, ತಾನು ಬರುವವರೆಗೆ ಅತ್ತೆ ನೋಡಿಕೊಳ್ಳಲಿ, ಕೀಲಿ ಅತ್ತೆಯ ಕೈಗೆ ಬರಬೇಕು ಎಂದಳು. ರಾಚಪ್ಪ ಎದ್ದು ಏನೋ ಹೇಳಹೊರಟರು. ಆಗ ರತ್ನಾಬಾಯಿ ಹೊರಸಿನ ಮೇಲಿಂದ ಕೈಯೆತ್ತಿದಳು. ಮಗ ಮತ್ತೆ ಕೂತ.

"ಅಲ್ಲಿ ಕೈಮಗ್ಗೊ, ಪಾವರ್‌ಲೂಮೊ?" ಎಂದು ಕೇಳಿದಳು ಮುದುಕಿ.

"ಕೈಮಗ್ಗರಿ ಅತ್ತಿ."

"ಮಗ್ಗ ಬಿಟ್ಟು ಭಾಳ ವರ್ಷ ಆತಲ್ಲ, ಸೊಂಟ ಹಿಡಿತೈತಿ. ಮೊದಲಿನ ತಿಂಗಳ ಭಾಳ ಹೊತ್ತ ಕೂಡಬ್ಯಾಡ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿಗೆ ಸಭೆ ಮುಗಿಯಿತು. ರಾಚಪ್ಪ ಕೀಲಿಯನ್ನು ತಾಯಿಯ ಹಾಸಿಗೆಯ ಮೇಲೆ ಎಸೆದು ಹೊರಗೆ ಹೋದರು.

ಫೆಬ್ರವರಿ ೨೬, ಮಂಗಳವಾರ

ವೈಶಾಲಿಯನ್ನು ಬಸ್ಸು ಹತ್ತಿಸಿ ಬಂದೆ. ಎರಡು ಚೀಲಗಳನ್ನೂ ನನ್ನ ಕೈಗೆ ಕೊಟ್ಟು, ಸಂಡಾಸಕ್ಕೆ ಹೋಗಿ, ಮುಖ ತೊಳೆದು, ಹೂವು ಕೊಂಡು ಆರಾಮಾಗಿ ಬಂದಳು. ಬಸ್ಸು ಬರುವವರೆಗೆ ಕಾಲೇಜಿನ ಸುದ್ದಿ ಮಾತಾಡಿ ನಕ್ಕೆವು. ಈಗ ನೆನಪಿಸಿಕೊಂಡರೆ, ಕೇಳಬೇಕಾದ ಮಾತೇ ಹಲವು ಇದ್ದವು.

ಊಟಕ್ಕೆ ಕೂತಾಗ ಮನೆಯವರು ಕೇಳಿದರು: "ಆಕಿ ತಿರುಗಿ ಬರ್ತಾಳೇನು, ಇಲ್ಲಾ ಅಲ್ಲೇ ಇರಾಕಿನೊ?"

"ಗೊತ್ತಿಲ್ಲ. ಕೇಳಲಿಲ್ಲ," ಅಂದೆ.

ಅವರು ತುತ್ತು ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಖ ನೋಡಿದರು. ನಾನು ಏನನ್ನಾದರೂ ಕೇಳದೆ ಬಿಟ್ಟದ್ದು ಇದೇ ಮೊದಲಿರಬೇಕು. ನಾನು ಇನ್ನೊಂದು ರೊಟ್ಟಿ ಹಾಕಿದೆ.